ಗೆರೆ ಕಾಯುವವನ ಹೊಸ ಕಣ್ಣು

ತುಗಿರಾನನ ಕಣ್ಣು ಸರಿಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಅವು ಮೊದಲಿನ ಹಾಗೇ ಇದ್ದಿದ್ದರೆ ಆ ಭಾನುವಾರ ಊರಿನವರು ನೆಮ್ಮದಿಯಾಗಿ ಪಂದ್ಯ ನೋಡಿ, ಸೋಯಾ ಕಾಳಿನ ಕರಿದ ತೆಂಪೆ ತಿಂದು, ಮನೆಗೆ ಹೋಗುತ್ತಿದ್ದರು.

ಕ್ಲಾತೆನ್ ಪಟ್ಟಣದ ಪಕ್ಕದ ಆ ಊರಿನ ಕಚೇರಿಯಲ್ಲಿ ಅವನು ಜನನ ಮರಣ ಬರೆದುಕೊಳ್ಳುವ ಗುಮಾಸ್ತ. ಹನ್ನೆರಡನೆಯ ವಯಸ್ಸಿನಿಂದ ನಲವತ್ತಮೂರರವರೆಗೆ ಅವನ ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಕೂತಿತ್ತು. ತೆಗೆದರೆ ಹೆಂಡತಿ ಯಾರು, ಬಾಗಿಲ ಪರದೆ ಯಾವುದು ಎಂದು ಮುಟ್ಟಿ ನೋಡಬೇಕು. ಇಂಥವನನ್ನು ಪ್ರತಿ ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವದ ಬ್ಯಾಡ್ಮಿಂಟನ್ ಪಂದ್ಯಕ್ಕೆ ಗೆರೆ ಕಾಯಲು ಕೂರಿಸುತ್ತಿದ್ದರು. ಅದೊಂದು ಗೌರವವೆಂದು ಅವನು ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು ಬರುತ್ತಿದ್ದ.

ಹಿರಿಯರ ಫೈನಲ್‌ನಲ್ಲಿ ಏಳು ವರ್ಷದಿಂದ ಅದೇ ಇಬ್ಬರು. ಒಬ್ಬರು ಊರಿನ ಮುಖ್ಯಸ್ಥ ಸುವಂದೋನೊ. ಇನ್ನೊಬ್ಬ ಕಚೇರಿಯ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಕೋಳಿ ನೂಡಲ್ಸ್ ಮಾರುವ ಸರಿಜೊ. ಈ ಸರಿಜೊ ತುಗಿರಾನನ ಹೆಂಡತಿ ಸುಮಿಯಾತಿಯ ಅಣ್ಣ. ಏಳು ವರ್ಷವೂ ಗೆದ್ದವರು ಮುಖ್ಯಸ್ಥರು. ಏಳು ವರ್ಷವೂ ಕೊನೆಗಳಿಗೆಯಲ್ಲಿ ಅವರು ಹೊಡೆದ ಒಂದು ಶಟಲ್ ತುಗಿರಾನನ ಗೆರೆಯ ಬಳಿಯೇ ಬೀಳುತ್ತಿತ್ತು. ಕನ್ನಡಕವಿದ್ದರೂ ಅವನಿಗೆ ಕಾಣುತ್ತಿದ್ದದ್ದು ಬಿಳಿ ಮಂಜು ಮಾತ್ರ. ಅಂದಾಜಿನ ಮೇಲೆ ‘ಒಳಗೆ’ ಎಂದು ಕೈ ತೋರಿಸಿಬಿಡುತ್ತಿದ್ದ.

ಹೋದ ವರ್ಷ ಪಕ್ಕದ ಮನೆಯ ಕಾಸಿನೆಮ್ ಅಜ್ಜಿ ಎಲ್ಲರೆದುರೇ ಅಂದಿದ್ದಳು, “ಹೆಂಡ್ತಿ ಅಣ್ಣನ್ನೇ ಮುಳುಗಿಸಿದ್ಯಲ್ಲೋ, ಗೂಬೆ!”

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅವತ್ತಿನಿಂದ ಅವನಿಗೆ ಸರಿಜೊನ ಗಾಡಿಯ ನೂಡಲ್ಸ್ ರುಚಿಸಲಿಲ್ಲ. ಕೊನೆಗೆ ಎರಡು ಮೇಕೆ ಮಾರಿ, ಸೋಲೋ ನಗರಕ್ಕೆ ಹೋಗಿ, ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಫೈನಲ್‌ನ ದಿನಕ್ಕೆ ಆಪರೇಷನ್ ಆಗಿ ಹನ್ನೆರಡು ದಿನ. ಬೆಳಿಗ್ಗೆ ಕಣ್ಣಿಗೆ ಹನಿ ಹಾಕಿಸಿಕೊಂಡು ಜಗಲಿಗೆ ಬರುವಷ್ಟರಲ್ಲಿ ಕಾಸಿನೆಮ್ ಅಜ್ಜಿ ಹಾಜರು.

“ಇದೆಷ್ಟು?” ಎಂದು ಕೈಯೆತ್ತಿದಳು.

“ಮೂರು ಬೆರಳು ಅಜ್ಜಿ. ನಡುಬೆರಳಿನ ಉಗುರು ಸೀಳಿದೆ.”

“ಅಯ್ಯೋ, ಹಾಗಾದ್ರೆ ನನ್ನ ಮೊಮ್ಮಗಳ ತಲೇಲಿ ಹೇನಿದ್ಯಾ ನೋಡಪ್ಪ!”

ಹೇನು ನೋಡಿದ. ಸೂಜಿಗೆ ದಾರ ಪೋಣಿಸಿಕೊಟ್ಟ. ಯಾರದೋ ಮಾತ್ರೆಯ ಪಟ್ಟಿಯ ಹಿಂದಿನ ಇರುವೆಯಂಥ ಅಕ್ಷರ ಓದಿ, ಅದರ ಅವಧಿ ಮುಗಿದು ವರ್ಷವಾಗಿದೆ ಎಂದು ಹೇಳಿ ಆ ಮನೆಯವರನ್ನು ಅಳಿಸಿದ. ಒಳಗೆ ಬಂದವನಿಗೆ ಒಲೆಯ ಮುಂದೆ ಸುಮಿಯಾತಿ ಕಂಡಳು.

“ಲೇ, ನಿನ್ನ ಗದ್ದದ ಕೆಳಗೆ ಈ ಕಲೆ ಯಾವಾಗಾಯ್ತು?”

“ಎಣ್ಣೆ ಹಾರಿದ್ದು. ಒಂಬತ್ತು ವರ್ಷ ಆಯ್ತು.” ಅವಳು ತಿರುಗಲಿಲ್ಲ. “ರೀ, ಇವತ್ತು ಪಂದ್ಯಕ್ಕೆ ಹೋಗ್ಲೇಬೇಕಾ? ಕಣ್ಣು ಉರಿ ಅಂತ ಹೇಳಿ ಮನೇಲಿರ್ರಿ.”

“ಉರಿ ಇಲ್ವಲ್ಲ!”

“ಅದೇ ತೊಂದ್ರೆ,” ಎಂದಳು ಅವಳು. ಅವನಿಗೆ ಅರ್ಥವಾಗಲಿಲ್ಲ.

ಸಂಜೆ ನಾಲ್ಕಕ್ಕೆ ಕಚೇರಿಯ ಹಿಂದಿನ ಸಿಮೆಂಟಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎತ್ತರದ ಕುರ್ಚಿಯ ಮೇಲೆ ಅಂಪೈರ್ ಆಗಿ ಕಚೇರಿಯ ಕಾರ್ಯದರ್ಶಿ ಪರ್ಮೋನೊ ಕೂತಿದ್ದ. ತುಗಿರಾನ್ ತನ್ನ ಹಳೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಗೆರೆಯನ್ನು ನೋಡಿದ. ಏಳು ವರ್ಷ ಕಾದ ಗೆರೆಯನ್ನು ಅವನು ನಿಜವಾಗಿ ಕಂಡದ್ದು ಅವತ್ತೇ. ಅದರ ಮೇಲೆ ನಡೆಯುತ್ತಿದ್ದ ಇರುವೆಯೂ ಕಾಣುತ್ತಿತ್ತು.

ಆಟ ಮೂರನೆಯ, ಕೊನೆಯ ಗೇಮ್‌ಗೆ ಹೋಯಿತು. ಮುಖ್ಯಸ್ಥರ ಹೊಟ್ಟೆ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತಿತ್ತು. ಸರಿಜೊ ಸುಲಭದ ಹೊಡೆತಗಳನ್ನೇ ನೆಟ್ಟಿಗೆ ಬಾರಿಸಿದ. ಆದರೂ ಹೇಗೋ ಇಪ್ಪತ್ತು ಹತ್ತೊಂಬತ್ತರಿಂದ ಅವನೇ ಮುಂದಾದ. ಇನ್ನೊಂದು ಅಂಕ ಬಂದರೆ ಬಹುಮಾನದ ಕಪ್ಪು ಅವನದು. ಮುಖ್ಯಸ್ಥರು ಹಲ್ಲು ಕಚ್ಚಿ ಬೀಸಿದರು. ಶಟಲ್ ಹಾರಿ ಬಂದು ತುಗಿರಾನನ ಕಾಲ ಬಳಿ ಬಿತ್ತು.

ಗೆರೆಯಿಂದ ಎರಡು ಬೆರಳು ಆಚೆ.

ಅವನು ಎರಡೂ ತೋಳು ಅಗಲಕ್ಕೆ ಚಾಚಿ, ಏಳು ವರ್ಷದ ಸಾಲ ತೀರಿಸುವವನ ಹಾಗೆ ಕೂಗಿದ, “ಹೊರಗೇ!”

ಸರಿಜೊ ಕುಣಿದಾಡುತ್ತಾನೆಂದು ತುಗಿರಾನ್ ತಿರುಗಿ ನೋಡಿದರೆ ಅವನು ಬ್ಯಾಟು ಹಿಡಿದು ಕಲ್ಲಿನಂತೆ ನಿಂತಿದ್ದ.

“ಏನಂದೆ?” ಮುಖ್ಯಸ್ಥರು ಬೆವರು ಒರೆಸುತ್ತ ಬಂದರು. “ಸರಿಯಾಗಿ ನೋಡಿ ಹೇಳಪ್ಪ.”

“ನೋಡಿದೆ ಸಾಹೇಬ್ರೆ. ಹೊರಗೆ. ಎರಡು ಬೆರಳು.”

“ಪಾಪ, ಆಪರೇಷನ್ ಆದ ಕಣ್ಣು,” ಎಂದ ಪರ್ಮೋನೊ ಮೇಲಿನಿಂದ. “ಒಂದಿದ್ದಿದ್ದು ಎರಡಾಗಿ ಕಾಣುತ್ತಂತೆ. ಅಲ್ಲಿ ಬ್ಯಾನರ್ ಕಾಣುತ್ತೇನಪ್ಪ?”

ತುಗಿರಾನ್ ಬ್ಯಾನರ್ ಪೂರ್ತಿ ಓದಿದ. ಮೂಲೆಯಲ್ಲಿದ್ದ ಮುದ್ರಣದವನ ಫೋನ್ ನಂಬರನ್ನೂ ಓದಿದ. ಜನ ಸಿಳ್ಳೆ ಹಾಕಿದರು.

“ಅದು ಬಾಯಿಪಾಠ ಮಾಡ್ಕೊಂಡು ಬಂದಿರ್ತಾನೆ!” ಕಾಸಿನೆಮ್ ಅಜ್ಜಿಗೆ ಮೋಜು ಹತ್ತಿತು. “ಆ ಮೇಜಿನ ಮೇಲೆ ಕಪ್ಪಿದೆಯಲ್ಲ, ಅದರ ಮೇಲಿರೋ ಸಣ್ಣಕ್ಷರ ಓದಿಸಿ ನೋಡೋಣ!”

“ಕಪ್ಪು ಬೇಡ, ಕಪ್ಪು ಬೇಡ,” ಎಂದು ಪರ್ಮೋನೊ ಕುರ್ಚಿಯಿಂದ ಇಳಿಯತೊಡಗಿದ. ಆದರೆ ಹೊಸ ಕಣ್ಣಿನ ಹುಮ್ಮಸ್ಸಿನಲ್ಲಿ ತುಗಿರಾನ್ ಆಗಲೇ ಶುರು ಮಾಡಿದ್ದ.

“ಹಿರಿಯರ ವಿಭಾಗ... ಈ ವರ್ಷದ ಚಾಂಪಿಯನ್... ಮುಖ್ಯಸ್ಥ ಸುವಂದೋನೊ.”

ಓದಿ ಮುಗಿದ ಮೇಲೆ ಅವನಿಗೇ ಅರ್ಥವಾಯಿತು. ಪಂದ್ಯ ಇನ್ನೂ ಮುಗಿದಿರಲಿಲ್ಲ. ಹೆಸರು ಕೆತ್ತಿ ಆಗಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಮುಖ್ಯಸ್ಥರ ಕಣ್ಣು ಆ ಕಡೆ ತಿರುಗಿದ್ದೇ ಕೆಮ್ಮತೊಡಗಿದರು. ಮುಖ್ಯಸ್ಥರು ಮಾತ್ರ ಸಿಟ್ಟಾಗಲಿಲ್ಲ, ಮುಗುಳ್ನಕ್ಕರು. ಆ ನಗು ಇಷ್ಟು ಸ್ಪಷ್ಟವಾಗಿ ತುಗಿರಾನನಿಗೆ ಹಿಂದೆಂದೂ ಕಂಡಿರಲಿಲ್ಲ. ಕಾಣದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ಐದು ನಿಮಿಷ ವಿರಾಮ,” ಎಂದರು ಅವರು. “ಗೆರೆ ಕಾಯೋರು ಯೋಚನೆ ಮಾಡ್ಲಿ.”

ಸರಿಜೊ ಬಂದು ತುಗಿರಾನನ ತೋಳು ಹಿಡಿದು ಮಾವಿನ ಮರದ ಹಿಂದಕ್ಕೆ ಎಳೆದೊಯ್ದ.

“ಭಾವ, ಹೆದರಬೇಡಿ,” ಎಂದ ತುಗಿರಾನ್. “ಕೆಲಸ ಹೋದ್ರೂ ಪರವಾಗಿಲ್ಲ. ಏಳು ವರ್ಷ ನಿಮಗೆ ಅನ್ಯಾಯ ಮಾಡಿದೀನಿ. ಅದಕ್ಕೇ ಈ ಕಣ್ಣು ಮಾಡಿಸ್ಕೊಂಡು ಬಂದೆ.”

ಸರಿಜೊ ಅವನ ಮುಖವನ್ನೇ ದಿಟ್ಟಿಸಿದ.

“ನಿಂಗೆ ತಲೆ ನೆಟ್ಟಗಿದೆಯೇನೋ? ಒಳಗೆ ಬಿತ್ತು ಅನ್ನೋ!”

“ಆಂ?”

“ನನ್ನ ಗಾಡಿ ನಿಲ್ಲೋದು ಯಾರ ಗೇಟಿನ ಮುಂದೆ? ಏಳು ವರ್ಷದಿಂದ ಸೋತೂ ಸೋತೂ ಆ ಜಾಗ ಉಳಿಸ್ಕೊಂಡಿದೀನಿ. ಆ ಮನುಷ್ಯನ ಎದುರು ಸೋಲೋದು ಸುಲಭ ಅಂದ್ಕೊಂಡ್ಯಾ? ಅವನು ಹೊಡೆದಿದ್ದೆಲ್ಲ ಹೊರಗೇ ಬೀಳುತ್ತೆ! ನಾನು ಎಷ್ಟು ಅಂತ ನೆಟ್ಟಿಗೆ ಹೊಡೀಲಿ? ನೀನೊಬ್ಬ ಆ ಗೆರೇಲಿ ಕೂತಿರ್ತೀಯ ಅನ್ನೋ ಧೈರ್ಯದ ಮೇಲೆ ಆಡ್ತಿದ್ದೆ.”

“ಇದು ಸುಮಿಯಾತಿಗೆ ಗೊತ್ತಾ?”

“ಊರಿಗೇ ಗೊತ್ತು. ಎಲ್ರೂ ನೋಡ್ತಾನೇ ಇದಾರೆ.”

ತುಗಿರಾನ್ ಜನರತ್ತ ನೋಡಿದ. ಅಷ್ಟು ದೂರದಿಂದಲೂ ಸುಮಿಯಾತಿಯ ಮುಖ ಕಂಡಿತು. ಅವಳ ತುಟಿ ಬಿಗಿದಿತ್ತು, ಕಣ್ಣು ನೆಲದಲ್ಲಿತ್ತು. ಒಬ್ಬೊಬ್ಬರ ಮುಖವೂ ಕಂಡಿತು. ಯಾರಲ್ಲೂ ಆಶ್ಚರ್ಯವಿರಲಿಲ್ಲ. ಬೇಗ ಮುಗಿಸಪ್ಪಾ ಎನ್ನುವ ಬೇಸರವಷ್ಟೇ ಇತ್ತು. ಗೂಬೆ ಎಂದ ಅಜ್ಜಿಯೂ ಈಗ ತೆಂಪೆಯ ತಟ್ಟೆಯಲ್ಲಿ ಮಗ್ನಳಾಗಿದ್ದಳು.

ಅವನು ಬಂದು ಸ್ಟೂಲಿನ ಮೇಲೆ ಕೂತ. ಪರ್ಮೋನೊ ಮೈಕಿನಲ್ಲಿ ಕೇಳಿದ, “ಗೆರೆ ಕಾಯೋರೆ, ಕೊನೇ ಸಲ ಕೇಳ್ತಿದೀನಿ. ಶಟಲ್ ಎಲ್ಲಿ ಬಿತ್ತು?”

ಹೊರಗೆ ಬಿದ್ದರೆ ತೋಳು ಚಾಚಬೇಕು. ಒಳಗೆ ಬಿದ್ದರೆ ಬಲಗೈಯಿಂದ ಗೆರೆ ತೋರಿಸಬೇಕು. ಬಲಗೈ ಎತ್ತಲು ನೋಡಿದ, ಏಳಲಿಲ್ಲ. ಆ ಆಟದ ನಿಯಮದಲ್ಲಿ ಮೂರನೆಯದೊಂದು ಸನ್ನೆಯಿದೆ. ಶಟಲ್ ಬಿದ್ದದ್ದು ತನಗೆ ಕಾಣಲಿಲ್ಲ ಎಂದು ಹೇಳುವವನು ಎರಡು ಅಂಗೈಯಿಂದ ಎರಡೂ ಕಣ್ಣು ಮುಚ್ಚಿಕೊಳ್ಳಬೇಕು.

ತುಗಿರಾನ್ ಮುಚ್ಚಿಕೊಂಡ.

“ಕಾಣಲಿಲ್ವಂತೆ!” ಮೈಕು ಉಬ್ಬಿ ಕೂಗಿತು. “ಹಾಗಾದ್ರೆ ಅಂಪೈರ್ ತೀರ್ಮಾನ. ಶಟಲ್ ಒಳಗೆ!”

ಅಂಕ ಸಮವಾಯಿತು; ಗೆಲ್ಲಲು ಮುಖ್ಯಸ್ಥರಿಗೆ ಬೇಕಿದ್ದ ಇನ್ನೆರಡು ಅಂಕಗಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಕಪ್ಪು ಎತ್ತಿ ಹಿಡಿದ ಮುಖ್ಯಸ್ಥರು ತುಗಿರಾನನ ಭುಜದ ಮೇಲೆ ಕೈ ಹಾಕಿ ಮೈಕಿನಲ್ಲೇ ಅಂದರು, “ಪಾಪ, ಮೇಕೆ ಮಾರಿ ಕಣ್ಣು ಮಾಡಿಸ್ಕೊಂಡ. ಆಪರೇಷನ್ ಕೈಕೊಡ್ತು. ಅವನೇನೇನೋ ಓದಿದ್ದನ್ನ ಯಾರೂ ಮನಸ್ಸಿಗೆ ಹಚ್ಕೋಬೇಡಿ. ಮುಂದಿನ ವರ್ಷವೂ ಗೆರೆ ಇವನದೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಸರಿಜೊ. ತುಗಿರಾನ್ ಅಂಗೈಯನ್ನು ಇನ್ನೂ ತೆಗೆದಿರಲಿಲ್ಲ.