ಗಿರಣಿ ಭಾವನ ತೂಕದ ಪುಡಿ

ನನ್ನ ಭಾವ ಫ್ಯಾನಿನ ಕೆಳಗೆ ಕೂರುವುದಿಲ್ಲ. ಕೂತರೆ ಹಾರಿಹೋಗುತ್ತಾರೆ ಎನ್ನುವುದು ನಮ್ಮ ಮನೆಯವರೆಲ್ಲರ ಬಲವಾದ ನಂಬಿಕೆ! ಅಕ್ಕನ ಮದುವೆಯ ದಿನ ಚಪ್ಪರದಲ್ಲಿ ಅವರನ್ನು ಮೊದಲ ಸಲ ಹತ್ತಿರದಿಂದ ನೋಡಿದ ನಮ್ಮ ಬೈಂದೂರಿನ ಅಜ್ಜಿ, "ಹೆಣೇ, ಮದ್ಮಗ ಎಲ್ಲ್? ಬರೀ ಪೇಟ ಒಂದೇ ಕಾಣ್ತಲೆ!" ಎಂದು ಪಕ್ಕದಲ್ಲಿದ್ದ ನನ್ನನ್ನು ಮೂರು ಸಾಲಿನವರಿಗೆ ಕೇಳುವ ಹಾಗೆ ಕೇಳಿದ್ದರು. ಭಾವ ಪಾಪ, ಪೇಟವನ್ನು ಸ್ವಲ್ಪ ಮೇಲೆತ್ತಿ ಅಜ್ಜಿಗೆ ಮುಖ ತೋರಿಸಿದ್ದರು.

ಭಾವನದು ಕೋಟೇಶ್ವರದಲ್ಲಿ ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯ ತನಕ ಅಕ್ಕಿ, ಉದ್ದು, ರಾಗಿ ಬೀಸುವ ಕೆಲಸ. ಮೆಣಸು, ಕೊತ್ತಂಬರಿಯ ಮಸಾಲೆಗೆ ಬೇರೆಯೇ ಮಿಷನ್ನು. ಹೀಗಾಗಿ ಅವರ ತಲೆಗೂದಲು, ಹುಬ್ಬು, ಮೀಸೆ ಎಲ್ಲ ಯಾವಾಗಲೂ ಬಿಳಿ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮೀಸೆ ನಿಜವಾಗಿಯೇ ಬೆಳ್ಳಗಾದಾಗ ಯಾರಿಗೂ ಗೊತ್ತೇ ಆಗಲಿಲ್ಲ. ದೇಹ ಕಡ್ಡಿಯ ಹಾಗಿದ್ದರೂ ಅಕ್ಕಿ ಮೂಟೆಯನ್ನು ಒಂದೇ ಏಟಿಗೆ ಹೆಗಲಿಗೇರಿಸಿ ನಡೆಯುತ್ತಾರೆ. ದೂರದಿಂದ ನೋಡಿದವರಿಗೆ ಮೂಟೆಯೊಂದೇ ರಸ್ತೆ ದಾಟಿ ಹೋದ ಹಾಗೆ ಕಾಣುತ್ತದೆ!

ಇಂಥ ಭಾವನಿಗೆ ಜೀವನದಲ್ಲಿ ಇದ್ದದ್ದು ಒಂದೇ ಒಂದು ಆಸೆ. ಏನಿರಬಹುದು ಹೇಳಿ? ಕಾರು? ತಾರಸಿ ಮನೆ? ಅಲ್ಲವೇ ಅಲ್ಲ. ರಕ್ತ ಕೊಡಬೇಕು!

ಬೀಜಾಡಿಯ ಶಾಲೆಯಲ್ಲಿ ಯುವಕ ಮಂಡಲದವರು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತಿದ್ದರು. ಬಾಗಿಲು ತೆರೆಯುವ ಮೊದಲೇ ಭಾವ ಸಾಲಿನ ತಲೆಯಲ್ಲಿ ನಿಂತಿರುತ್ತಿದ್ದರು. ಎಲ್ಲರಿಗಿಂತ ಮೊದಲು ವಾಪಸು ಬರುತ್ತಿದ್ದವರೂ ಅವರೇ. ರಕ್ತ ಕೊಡುವವರ ತೂಕ ಕಡಿಮೆಯೆಂದರೆ ನಲವತ್ತೈದು ಕಿಲೋ ಇರಬೇಕೆಂಬುದು ನಿಯಮ. ಭಾವ ಉಂಡು ಹತ್ತಿದರೂ ನಲವತ್ತೆರಡು, ಉಣ್ಣದೆ ಹತ್ತಿದರೂ ನಲವತ್ತೆರಡು. "ಮುಂದಿನ ವರ್ಷ ನೋಡುವ, ಆಯ್ತಾ?" ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸುತ್ತಿದ್ದರು. ಬೆನ್ನು ಜೋರಾಗಿ ತಟ್ಟಲು ಅವರಿಗೂ ಹೆದರಿಕೆಯಿತ್ತು ಎಂದು ಕಾಣುತ್ತದೆ.

"ನಿಮ್ಗ್ ಇದೆಂತ ಹುಚ್ಚ್ ಭಾವ? ಊರಗ್ ದಪ್ಪ ಇಪ್ಪರ್ ಯಾರೂ ಇಲ್ಯಾ ರಕ್ತ ಕೊಡುಕೆ?" ಎಂದು ನಾನು ಕೇಳಿದರೆ, "ಕೊಡ್ಕ್ ಅಂದೇಳಿ ಕಂಡಿತ್. ಅಷ್ಟೇ" ಎನ್ನುತ್ತಿದ್ದರು. ಅಕ್ಕನನ್ನು ಕೇಳಿದರೆ, "ಅವ್ರ್ ಹಟ ಅವ್ರಿಗೆ" ಎಂದು ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಒಂದು ವರ್ಷ ಭಾವ ಅಡ್ಡದಾರಿ ಹಿಡಿದರು. ಗಿರಣಿಯಲ್ಲಿ ತೂಕದ ಕಲ್ಲಿಗೆ ಬರವೇ? ಎರಡು ಮೂರು ಕಬ್ಬಿಣದ ಕಲ್ಲುಗಳನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಪಂಚೆಯ ಒಳಗೆ ಸೊಂಟಕ್ಕೆ ಬಿಗಿದುಕೊಂಡು ಶಿಬಿರಕ್ಕೆ ಹೋದರು. ಮುಳ್ಳು ಸರಾಗವಾಗಿ ನಲವತ್ತಾರಕ್ಕೆ ಹೋಗಿ ನಿಂತಿತು. "ಓ, ಭಾರೀ ಸುಧಾರಿಸಿದ್ರಿ!" ಎಂದು ಡಾಕ್ಟರಿಗೆ ಖುಷಿಯೋ ಖುಷಿ. ಯುವಕ ಮಂಡಲದ ಅಧ್ಯಕ್ಷರು ಅಭಿನಂದಿಸಲು ಹತ್ತಿರ ಬಂದರು. ಭಾವ ಕೈಮುಗಿಯಲು ಸ್ವಲ್ಪ ಬಗ್ಗಿದರು, ಬೈರಾಸಿನ ಗಂಟು ಜಾರಿತು, ಕಲ್ಲು ನೇರ ಅಧ್ಯಕ್ಷರ ಕಾಲಿನ ಹೆಬ್ಬೆರಳಿನ ಮೇಲೆ! ಆ ವರ್ಷದ ಶಿಬಿರದಲ್ಲಿ ಎಲ್ಲರಿಗಿಂತ ಮೊದಲು ರಕ್ತ ಕೊಟ್ಟವರು ಅಧ್ಯಕ್ಷರೇ.

ಅಷ್ಟರಲ್ಲಿ ಕೋಟೇಶ್ವರದಲ್ಲಿ ಒಂದು ಜಿಮ್ ಶುರುವಾಯಿತು. ಹೆದ್ದಾರಿ ಆಗಿನ್ನೂ ಅಗಲವಾಗಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಾಲ್ಕು ಕನ್ನಡಿ, ಒಂದಿಷ್ಟು ಕಬ್ಬಿಣ. ನಡೆಸುವವನು ಮುಂಬೈ ಹೋಟೆಲಿನಲ್ಲಿ ಕೆಲವು ವರ್ಷ ಇದ್ದು, ತೋಳು ಉಬ್ಬಿಸಿಕೊಂಡು ಊರಿಗೆ ಬಂದ ಹುಡುಗ. ಒಂದು ಸಂಜೆ ಭಾವ ಗಿರಣಿ ಮುಚ್ಚಿ, ಹುಬ್ಬಿನ ಹಿಟ್ಟನ್ನೂ ಒರೆಸಿಕೊಳ್ಳದೆ ಅಲ್ಲಿಗೆ ಹತ್ತಿಹೋದರು. ಹುಡುಗ ನಗು ತಡೆದುಕೊಂಡು ಒಂದು ಸಣ್ಣ ಡಂಬೆಲ್ ತೋರಿಸಿ, "ಅಣ್ಣಾ, ಇದ್ರಿಂದ ಶುರು ಮಾಡುವ. ಆರಾಮ್ ಸೆ!" ಎಂದ. ಭಾವ ಅದನ್ನು ಬಿಟ್ಟು, ಪಕ್ಕದಲ್ಲಿ ಇಬ್ಬರು ಹುಡುಗರು ಏದುಸಿರು ಬಿಡುತ್ತ ಎತ್ತುತ್ತಿದ್ದ ಉದ್ದದ ಸಲಾಕೆಯನ್ನು ಎತ್ತಿ, ಅಕ್ಕಿ ಮೂಟೆಯೆಂದೇ ತಿಳಿದು ಹೆಗಲ ಮೇಲಿಟ್ಟುಕೊಂಡು, "ಎಲ್ಲ್ ಇಡುದು?" ಎಂದು ಕೇಳಿದರು.

ಹುಡುಗ ಬಾಯಿ ಬಿಟ್ಟುಕೊಂಡು ನಿಂತ. "ನಿಮ್ಗೆ ಎಂತಕ್ ಅಣ್ಣಾ ಜಿಮ್ಮು?"

"ಬಲಕ್ಕಲ್ಲ ಮಾರಾಯಾ, ತೂಕಕ್ಕೆ! ಮೂರ್ ಕಿಲೋ ಬೇಕ್. ಎಲ್ಲಿಂದಾರೂ ತಕಂಡ್ ಬಾ."

ಹೀಗೆ ನಮ್ಮ ಭಾವನ ಬಾಳಿನಲ್ಲಿ ಡಬ್ಬಿಗಳು ಪ್ರವೇಶಿಸಿದವು. ಮೊದಲು ಬಂದದ್ದು ತೂಕ ಹೆಚ್ಚಿಸುವ ಪುಡಿ. ಡಬ್ಬಿ ಎಂದರೆ ನೀವು ಕಾಫಿಪುಡಿ ಡಬ್ಬಿಯನ್ನು ನೆನೆಸಿಕೊಳ್ಳಬೇಡಿ, ಪಾಯಸ ಬಡಿಸುವ ಕೌಳಿಗೆಯಷ್ಟು ದೊಡ್ಡದು! ಅದರ ಮೇಲೆ ಅಂಗಿ ಹಾಕದ ಗಂಡಸಿನ ಚಿತ್ರ. ಅಕ್ಕ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದಳು. ಡಬ್ಬಿಯಲ್ಲಿ ಬರೆದ ಹಾಗೆ ದಿನಕ್ಕೆರಡು ಚಮಚ ಕುಡಿದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾವ ಹಿಟ್ಟಿನ ಗಿರಣಿಯವರಲ್ಲವೇ? ಒಂದೇ ಸಾಮಾನಿನ ಪುಡಿ ಎಂದರೆ ಅವರಿಗೆ ನಂಬಿಕೆಯೇ ಇಲ್ಲ.

"ಹೆಣೇ, ಕೋಳಿ ಸುಕ್ಕದ ಮಸಾಲಿಗೆ ಬರೀ ಮೆಣ್ಸ್ ಹಾಕ್ರೆ ಸಾಕಾತ್ತಾ? ಕೊತ್ತಂಬ್ರಿ ಬೇಕ್, ಮೆಂತಿ ಬೇಕ್, ಒಳ್ಳೆಮೆಣ್ಸ್ ಬೇಕ್. ಹಂಗಾರೆ ಮೈಗ್ ಹಿಡುವ ಪುಡಿಗೆ ಒಂದೇ ಡಬ್ಬಿ ಹ್ಯಾಂಗ್ ಸಾಕಾತ್ತ್?" ಎಂದು ನನ್ನನ್ನೇ ಕೇಳಿದರು. ಹೌದಲ್ಲ ಎಂದು ನನಗೂ ಒಂದು ಕ್ಷಣ ಅನ್ನಿಸಿತು, ಅಷ್ಟು ಚಂದದಲ್ಲಿ ಹೇಳಿದ್ದರು!

ಹಾಗಾಗಿ ಎರಡನೇ ಡಬ್ಬಿ ಬಂತು, ಪ್ರೋಟೀನಿನದು, ಚಾಕೊಲೇಟ್ ಪರಿಮಳದ್ದು. ಅದರ ಮೇಲೂ ಅಂಗಿಯಿಲ್ಲದ ಗಂಡಸೇ. ಮೂರನೆಯದನ್ನು ದುಬೈಯಿಂದ ರಜೆಗೆ ಬಂದ ಪಕ್ಕದ ಮನೆಯವರು ತಂದುಕೊಟ್ಟರು. ಅದು ಏನು, ಎಂತಕ್ಕೆ ಎಂದು ತಂದವರಿಗೂ ಗೊತ್ತಿರಲಿಲ್ಲ. ಇದಕ್ಕೆಲ್ಲ ಹುರಿದ ಹುರುಳಿ, ರಾಗಿ, ಪುಟಾಣಿ ಸೇರಿಸಿ ಗಿರಣಿಗೆ ಸುರಿದು, ನುಣ್ಣಗೆ ಬೀಸಿ, ಬೆರಳಲ್ಲಿ ಉಜ್ಜಿ ನೋಡಿ, "ಈಗ ಹದ ಬಂತ್" ಎಂದರು.

ಅವರು ಮಾಡಿದ ತಪ್ಪು ಒಂದೇ. ಬೀಸಿದ ಮೇಲೆ ಗಿರಣಿ ಝಾಡಿಸಲಿಲ್ಲ. ಅಷ್ಟಮಿ ಹತ್ತಿರವಾದ ಕಾಲ, ಭಟ್ಟರ ಮನೆಯ ಅಮ್ಮ ಚಕ್ಕುಲಿಗೆಂದು ಅಕ್ಕಿ, ಉದ್ದು ಬೀಸಿಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಡಬ್ಬ ಹಿಡಿದುಕೊಂಡು ಗಿರಣಿಯ ಬಾಗಿಲಲ್ಲಿ ಪ್ರತ್ಯಕ್ಷ!

"ಹ್ವಾಯ್, ಎಂತ ಮಾಡಿ ಇಟ್ಟಿರಿ ಮಾರಾಯ್ರೆ? ನನ್ನ ಚಕ್ಲಿ ಚಾಕ್ಲೇಟ್ ಪರ್ಮಳ ಬತ್ತಾ ಇತ್ತ್! ಇದ್ರಗೆ ಮೊಟ್ಟೆ ಗಿಟ್ಟೆ ಇಲ್ಲ ಅಲ್ದಾ? ದೇವ್ರಿಗ್ ಇಡುಕಿತ್ತ್!"

ಭಾವ ಬೆವತುಹೋದರು. ಮನೆಗೆ ಓಡಿ ಚಾಕೊಲೇಟ್ ಡಬ್ಬಿಯನ್ನೇ ಹೊತ್ತು ತಂದು, "ಇಲ್ಲೆ ಅಮ್ಮ, ಬರೀ ಹಾಲಿಂದು! ಹಸ್ರ್ ಚುಕ್ಕಿ ಇತ್ತ್, ಕಾಣಿ!" ಎಂದು ತೋರಿಸಿದರು. ಅಮ್ಮ ಹಸಿರು ಚುಕ್ಕಿಯನ್ನು ನೋಡಿದರು, ಅದರ ಪಕ್ಕದ ಅಂಗಿಯಿಲ್ಲದ ಗಂಡಸನ್ನೂ ನೋಡಿದರು, ಕೃಷ್ಣ ಕೃಷ್ಣ ಎಂದು ಕಣ್ಣು ಮುಚ್ಚಿಕೊಂಡರು. ಭಾವ ಗಿರಣಿ ತೊಳೆದು ಹೊಸದಾಗಿ ಬೀಸಿಕೊಟ್ಟರು. ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಮುಂದಿನ ಅಷ್ಟಮಿಗೆ ಅದೇ ಅಮ್ಮ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರಂತೆ: "ದೇವ್ರಿಂದ್ ಬೇರೆ ಬೀಸಿ. ಈ ಚೀಲದ್ದಕ್ಕೆ ಹೋದ್ ವರ್ಷದ್ ಹಾಂಗೇ ಒಂಚೂರ್ ತಾಗ್ಸಿ. ಮೊಮ್ಮಕ್ಳ್ ಅದನ್ನೇ ಕೇಂತೊ!"

ಚಕ್ಕುಲಿಗೆ ಒಗ್ಗಿದ ಪುಡಿ ಭಾವನ ಹೊಟ್ಟೆಗೆ ಒಗ್ಗಬೇಕಲ್ಲ! ದೊಡ್ಡ ಲೋಟ ಹಾಲಿಗೆ ಹಿಡಿ ಹಿಡಿ ಪುಡಿ ಕಲಸಿ ದಿನಕ್ಕೆ ಮೂರು ಹೊತ್ತು ಕುಡಿಯಲು ಶುರುಮಾಡಿದರು. ವಾರ ಕಳೆಯುವುದರೊಳಗೆ ಹೊಟ್ಟೆಯೊಳಗೆ ಚಂಡೆ ಮದ್ದಳೆ! ಗಿರಣಿಗೂ ಹಿತ್ತಲಿಗೂ ಓಡಾಡಿ ಓಡಾಡಿ ಕೊನೆಗೆ ಗಿರಣಿಯ ಕಡೆ ಬರುವುದನ್ನೇ ಬಿಟ್ಟರು. ನಾನು ನೋಡಲು ಹೋದಾಗ ಚಾಪೆಯ ಮೇಲೆ ಚಾಪೆಯ ಹಾಗೆಯೇ ಮಲಗಿದ್ದರು. ಅಕ್ಕ ಹಿಡಿದುಕೊಂಡು ಹೋಗಿ ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿದಳು. ನಲವತ್ತು! ತೂಕ ಏರಿಸುವ ಪುಡಿ ತಿಂದು ತೂಕ ಇಳಿಸಿಕೊಂಡವರು ನಮ್ಮ ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು.

ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿ, "ಇದರಲ್ಲಿ ನಿಮಗೆ ಆಗದ್ದು ಯಾವುದು?" ಎಂದು ಕೇಳಿದರು.

"ಎಲ್ಲ ಒಟ್ಟಿಗೇ ಬೀಸಿದ್ದೆ ಡಾಕ್ಟ್ರೆ" ಎಂದರು ಭಾವ.

"ಎಲ್ಲರನ್ನೂ ಒಂದೇ ಕೋಣೆಯಲ್ಲಿ ತುಂಬಿ ಆಮೇಲೆ ಕಳ್ಳನನ್ನು ಹಿಡಿದುಕೊಡಿ ಅಂದರೆ ನಾನೇನು ಮಾಡಲಿ?" ಡಾಕ್ಟರು ನಕ್ಕರು. "ಸರಿ, ಮಧ್ಯಾಹ್ನ ಊಟ ಎಷ್ಟು ಹೊತ್ತಿಗೆ?"

ಭಾವ ಸೀಲಿಂಗ್ ನೋಡಿದರು. ಅಕ್ಕನ ಕಟ್ಟೆ ಒಡೆಯಿತು. "ಊಟ ಮಾಡ್ರಲ್ದಾ ಹೊತ್ತ್ ಹೇಳುದ್! ಮಿಷನ್ ಬಿಟ್ ಬತ್ರಿಲ್ಲೆ. ಜನ ಕಾಯ್ತ್ರ್ ಅಂಬ್ರ್. ನಾಲ್ಕ್ ಗಂಟಿಗ್ ಒಂದ್ ಚಾ, ಎರಡ್ ಬಿಸ್ಕುಟ್. ನಾ ಬಡ್ಸಿ ಇಟ್ಟದ್ದ್ ಬೆಕ್ಕ್ ತಿಂದ್ ಬೆಕ್ಕ್ ದಪ್ಪ ಆಯ್ತ್!"

ಊಟ ಮಾಡುವವರು ಅದರ ಮೇಲೆ ಬೇಕಿದ್ದರೆ ಒಂದು ಡಬ್ಬಿ, ಅದೂ ಒಗ್ಗುತ್ತದೋ ಇಲ್ಲವೋ ನೋಡಿಕೊಂಡು, ಅಳತೆಯಲ್ಲಿ ತಿನ್ನಲಿ. ಊಟವನ್ನೇ ಬಿಟ್ಟವರಿಗೆ ಯಾವ ಡಬ್ಬಿಯೂ ಪ್ರಯೋಜನಕ್ಕಿಲ್ಲ ಎಂದರು ಡಾಕ್ಟರು. ದುಬೈ ಡಬ್ಬಿಯನ್ನು ಅವರೇ ಇಟ್ಟುಕೊಂಡರು.

ಮರುದಿನದಿಂದ ಗಿರಣಿಯ ಮೇನ್ ಸ್ವಿಚ್ಚು ಅಕ್ಕನ ಕೈಗೆ ಬಂತು. ಮಧ್ಯಾಹ್ನವಾಯಿತೋ, ಟಕ್ ಎಂದು ಆರಿಸುವಳು. ಬೀಸಿಸಲು ಬಂದವರು ಗೊಣಗಿದರೆ, "ಇವ್ರ್ ಉಂಡ್ ಬಪ್ಪು ತನಕ ಕೂಕಣಿ. ನಿಮ್ದೂ ಊಟ ಆಯ್ಲ ಅಂದ್ರೆ ಒಳ್ಗ್ ಬನ್ನಿ" ಎನ್ನುವಳು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗುಡೆ ಸಾರು, ಮೇಲೊಂದು ಮೊಟ್ಟೆ. ಎದುರು ಕೂತು ಬಟ್ಟಲು ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ಭಾವ ಬೆಳಗಿನ ಗಂಜಿಗೆ ಮೊದಲ ಡಬ್ಬಿಯ ಪುಡಿಯನ್ನು ಒಂದೇ ಚಮಚ, ಅಕ್ಕ ಅತ್ತ ತಿರುಗಿದಾಗ ಹಾಕಿಕೊಳ್ಳುತ್ತಿದ್ದರು. ಅಂತೂ ಮುಳ್ಳು ಅಲ್ಲಾಡತೊಡಗಿತು. ಅದು ಪುಡಿಯ ಪ್ರತಾಪ ಎಂದು ಭಾವ, ಬಂಗುಡೆಯದು ಎಂದು ಅಕ್ಕ. ನನ್ನನ್ನು ಕೇಳಿದರೆ? ಸ್ವಿಚ್ಚಿನದು!

ಆ ವರ್ಷದ ಶಿಬಿರಕ್ಕೆ ನಾವೆಲ್ಲ ಹೋದೆವು. ಭಾವ ತಕ್ಕಡಿ ಹತ್ತುವ ಮೊದಲು ಅಧ್ಯಕ್ಷರು ಖುದ್ದಾಗಿ ಸೊಂಟ ತಡವಿ ನೋಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಡಾಕ್ಟರು ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. "ನಲವತ್ತಾರು" ಎಂದರು. ಶಾಲೆಯ ಜಗಲಿಯಲ್ಲಿ ಸಿಳ್ಳೆಯೋ ಸಿಳ್ಳೆ! ಭಾವ ಮಾತ್ರ ನಗಲಿಲ್ಲ, ಸುಮ್ಮನೆ ಇಳಿದು ಒಳಗೆ ಹೋಗಿ ಮಂಚದ ಮೇಲೆ ಮಲಗಿ ತೋಳು ಚಾಚಿದರು.

ನರ್ಸಮ್ಮ ಸೂಜಿ ಚುಚ್ಚುತ್ತ ಮಾತಿಗೆಂದು ಕೇಳಿದರು, "ಪ್ರತೀ ವರ್ಷ ಬತ್ರಿ ಅಂಬ್ರಲೆ. ಎಂತಕ್ ಇಷ್ಟ್ ಹಟ ಮಾರಾಯ್ರೆ?"

ಭಾವ ಚೀಲಕ್ಕೆ ಇಳಿಯುತ್ತಿದ್ದ ರಕ್ತವನ್ನೇ ನೋಡುತ್ತ ಹೇಳಿದರು. "ಇವ್ಳ್ ಮೊದ್ಲಿನ್ ಹೆರ್ಗಿಗೆ ಆಸ್ಪತ್ರಿಯಗೆ ಇದ್ದಾಳ್. ರಕ್ತ ನಿಲ್ಲುದೇ ಇಲ್ಲೆ. ಬೇಗ ರಕ್ತ ಬೇಕ್ ಅಂದ್ರ್. ನಾ ಕೈ ಚಾಚಿದೆ. ತೂಕ ಕಂಡ್ ವಾಪಸ್ ಕಳ್ಸಿದ್ರ್. ಗಂಡ ಆಯಿ ಬಾಗ್ಲ್ ಹೊರ್ಗ್ ನಿಂತ್ಕಂಡಿದ್ದೆ ಅಮ್ಮ, ಸುಮ್ನೆ. ಪಕ್ಕದ್ ವಾರ್ಡಿಗ್ ಯಾರನ್ನೋ ಕಾಂಬುಕ್ ಬಂದವ ಒಬ್ಬ, ನಾ ಕೊಡ್ತೆ ಅಂದ. ಕೊಟ್ಟ. ಅವ್ನಿಗೆ ಕುಡಿಯುಕ್ ಒಂದ್ ಸೋಡಾ ತಕಂಡ್ ಬಪ್ಪುಕ್ ಓಡಿದೆ. ಬಂದ್ ಕಂಡ್ರೆ ಹೋಯಿದ. ಹೆಸ್ರ್ ಕೇಂಬುಕೂ ಆಯ್ಲ. ಅವ್ನನ್ನ ಎಲ್ಲ್ ಹುಡ್ಕುದ್? ಯಾರಿಗಾರೂ ಕೊಟ್ರೆ ಅವ್ನಿಗ್ ಕೊಟ್ಟಂಗೆ ಆತ್ತ್ ಅಂದೇಳಿ..."

ಆ ಹೆರಿಗೆಯ ಕಾಲಕ್ಕೆ ನಾನು ಬೈಂದೂರಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ. ಅಕ್ಕನಿಗೆ ಕಷ್ಟವಾಗಿತ್ತು, ರಕ್ತ ಕೊಟ್ಟರು ಎಂದಷ್ಟೇ ಮನೆಯಲ್ಲಿ ಹೇಳಿದ್ದರು. ಆ ಬಾಗಿಲ ಹೊರಗೆ ನಿಂತಿದ್ದವರ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ಸೂಜಿ ತೆಗೆದು ಹತ್ತಿ ಒತ್ತಿದರು. ಯುವಕ ಮಂಡಲದವರು ಒಂದು ಲೋಟ ಕಿತ್ತಳೆ ಶರಬತ್ತು ತಂದುಕೊಟ್ಟರು. ಭಾವ ಎದ್ದು ಕೂತು ಅದನ್ನು ಕೈಯಲ್ಲಿ ಹಿಡಿದುಕೊಂಡರೇ ಹೊರತು ಬಾಯಿಗೆ ಇಡಲಿಲ್ಲ. ಕಣ್ಣು ಬಾಗಿಲ ಕಡೆಗಿತ್ತು.

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಅವರ ಕೈಯ ಮೇಲೆ ಕೈಯಿಟ್ಟು ಲೋಟವನ್ನು ಬಾಯಿಯ ಹತ್ತಿರ ತಂದಳು.

"ಕುಡಿನಿ" ಎಂದಳು. "ಅವ್ನ್ ಪಾಲಿಂದೂ ನೀವೇ ಕುಡಿನಿ."