ಸೇರದ ಸ್ಕೂಲಿನ ಟಿ.ಸಿ.

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುವ ವಿದ್ಯೆ ನನಗೆ ಕೊನೆಗೂ ಬರಲಿಲ್ಲ. ದುಃಖವನ್ನು ಹೇಗೋ ನುಂಗಿಕೊಂಡುಬಿಡುತ್ತೇನೆ. ಹಲ್ಲುನೋವು ಬಂದರೆ ಮನೆಯವಳಿಗೆ ಗೊತ್ತಾಗುವುದು ಕೆನ್ನೆ ಊದಿದ ಮೇಲೆಯೇ. ಆದರೆ ಒಂದು ಒಳ್ಳೆಯ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಮನೆಗೆ ಫೋನು ಬಂದ ದಿನ ಬೀದಿಯ ಕೊನೆಯ ಮನೆಯವರೆಗೂ ಹೋಗಿ ನಂಬರು ಹೇಳಿ ಬಂದವನು ನಾನು. ಆ ಕೊನೆಯ ಮನೆಯಲ್ಲಿ ಅವತ್ತು ತಿಥಿ ನಡೆಯುತ್ತಿತ್ತು ಎಂಬುದು ಒಳಗೆ ಹೋಗಿ, ನಗುನಗುತ್ತಾ ಎಲ್ಲ ಹೇಳಿಯಾದ ಮೇಲೆ ತಿಳಿಯಿತು. ನನ್ನ ಹೆಂಡತಿ ಗೌರಮ್ಮ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ನಾಯಂಡಹಳ್ಳಿಯಲ್ಲಿ ಅಷ್ಟು ಕಾಲ ಲೇತ್ ಮೆಷಿನ್ನು ಇಟ್ಟುಕೊಂಡು ಊರಿಗೆಲ್ಲ ನಟ್ಟು ಬೋಲ್ಟು ಮಾಡಿಕೊಟ್ಟವರು ತಮ್ಮ ಬಾಯಿಗೆ ಒಂದು ಬಿರಡೆ ಮಾಡಿಕೊಳ್ಳಲಿಲ್ಲವಲ್ಲ ಎಂಬುದು ಅವಳ ಕೊರಗು.

ಇಂಥ ನನಗೆ ಮೊಮ್ಮಗಳು ಸಿಂಚನಾಳ ಹೆಸರು ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಬಂದಿದೆ ಎಂಬ ಸುದ್ದಿ ಸಿಕ್ಕಿದರೆ ಏನಾಗಬೇಡ! ಬಿ.ಎಸ್ಸಿ. ಸೀಟು, ಅದೂ ವಿಜಯನಗರದಲ್ಲಿ, ನಮ್ಮ ಅತ್ತಿಗುಪ್ಪೆಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಂದರೆ ಮೊಮ್ಮಗಳು ಮೂರು ವರ್ಷ ನಮ್ಮ ಮನೆಯಲ್ಲೇ ಇರುತ್ತಾಳೆ. ಅಲ್ಲಿಯವರೆಗೆ ಅವಳು ನಮಗೆ ಸಿಗುತ್ತಿದ್ದದ್ದು ರಜದ ಹೆಸರಿನಲ್ಲಿ ಒಂದಿಷ್ಟು ದಿನ ಮಾತ್ರ. ಅಳಿಯಂದಿರಿಗೆ ಸೇತುವೆ ಕಟ್ಟುವ ಕಂಪನಿಯಲ್ಲಿ ಕೆಲಸ. ಸೇತುವೆಗಳೋ ಶಾಲೆಗಳಿರುವ ಜಾಗದಲ್ಲಿ ಕಟ್ಟಿಸಿಕೊಳ್ಳುವ ಪೈಕಿಯಲ್ಲ. ಒಮ್ಮೆ ಗುಜರಾತಿನ ಯಾವುದೋ ಹೊಳೆ, ಆಮೇಲೆ ಒಮಾನ್ ದೇಶದ ಮರಳುಗಾಡು (ನೀರಿಲ್ಲದ ಕಡೆ ಸೇತುವೆ ಯಾಕೆ ಎಂದು ನಾನು ಕೇಳಿ ಬೈಸಿಕೊಂಡಿದ್ದೇನೆ), ಆಮೇಲೆ ಒರಿಸ್ಸಾದ ಕಾಡು. ಹೀಗಾಗಿ ಸಿಂಚನಾ ಯಾವ ಶಾಲೆಗೂ ಸೇರಲಿಲ್ಲ. ನನ್ನ ಮಗಳು ಶಶಿಕಲಾ ಮನೆಯಲ್ಲೇ ಕಲಿಸಿದಳು. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಓಪನ್ ಸ್ಕೂಲಿನಲ್ಲಿ ಪರೀಕ್ಷೆ ಕಟ್ಟಿ ಹುಡುಗಿ ಪಾಸಾದಳು, ಅದೂ ಒಳ್ಳೆಯ ಮಾರ್ಕ್ಸು ತೆಗೆದುಕೊಂಡು.

ಮನೆಯಲ್ಲಿ ಕಲಿಸುವುದೆಂದರೆ ಮಂಚದ ಮೇಲೆ ಒರಗಿಕೊಂಡು ಕಥೆ ಹೇಳುವುದು ಎಂದುಕೊಂಡಿದ್ದೆ. ಅವರು ರಜಕ್ಕೆ ಬಂದಾಗ ನೋಡಿದರೆ ನನ್ನ ಮಗಳು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ನಮ್ಮ ನಡುಮನೆಯಲ್ಲಿ ಕ್ಲಾಸು ಶುರು ಮಾಡಿಬಿಡುತ್ತಿದ್ದಳು. ಆ ಹೊತ್ತಿನಲ್ಲಿ ಹುಡುಗಿ ಅಮ್ಮಾ ಎನ್ನುವ ಹಾಗಿಲ್ಲ, ಮಿಸ್ ಎನ್ನಬೇಕು. ಒಮ್ಮೆ ಮಳೆ ಹಿಡಿದು ಮೈ ಜಡವಾದಾಗ ಹುಡುಗಿ ರಜಾ ಚೀಟಿ ಬರೆದು ಕೊಟ್ಟಿತು. ಶಶಿ ಅದರಲ್ಲಿ ಎರಡು ತಪ್ಪು ತಿದ್ದಿ, ರಜೆ ಇಲ್ಲ ಎಂದು ಬರೆದು ವಾಪಸು ಕೊಟ್ಟಳು. ಶಶಿಗೆ ತಾನು ಓದುವಾಗ ಲೆಕ್ಕ ಎಂದರೆ ಜ್ವರ. ಜಸ್ಟ್ ಪಾಸಾದ ಆ ಲೆಕ್ಕವನ್ನು ಮಗಳಿಗೋಸ್ಕರ ಮತ್ತೆ ಮೊದಲಿಂದ ಕಲಿತಳು. ಅನ್ನಕ್ಕೆ ಇಟ್ಟು ಒಲೆಯ ಮುಂದೆ ನಿಂತು ಲೆಕ್ಕ ಬಿಡಿಸುತ್ತಿದ್ದಳಂತೆ. ಅಳಿಯಂದಿರು ತಿಂದ ಸೀದ ಅನ್ನದಲ್ಲಿ ಬಹುಪಾಲು ಬೀಜಗಣಿತದ್ದು.

ಸರಿ, ಲಿಸ್ಟಿನಲ್ಲಿ ಹೆಸರು ಬಂತು. ನಾನು ಹೊರಟೇಬಿಟ್ಟೆ. ಮೈಸೂರು ಪಾಕಿನ ಡಬ್ಬಗಳನ್ನು ಹೊತ್ತುಕೊಂಡು ನಮ್ಮ ಬೀದಿ, ಹಿಂದಿನ ಬೀದಿ, ಇಸ್ತ್ರಿ ಅಂಗಡಿ, ಹಳೆಯ ಲೇತ್ ಶೆಡ್ಡಿನ ಹುಡುಗರು, ಮೆಟ್ರೋಗೆ ರಸ್ತೆ ಅಗೆಯುತ್ತಿದ್ದ ಕಡೆ ಕೆಂಪು ಬಾವುಟ ಹಿಡಿದು ನಿಂತಿದ್ದ ರಾಯಚೂರಿನ ಹುಡುಗ, ಯಾರನ್ನೂ ಬಿಡಲಿಲ್ಲ. ಅಡ್ಮಿಷನ್ ಆಗ್ಲಿ ತಾತ, ಆಮೇಲೆ ಹಂಚಿ ಎಂದು ಸಿಂಚನಾ ಹೇಳಿದ್ದಳು. ಲಿಸ್ಟಿನಲ್ಲಿ ಹೆಸರು ಬರುವುದಕ್ಕೂ ಅಡ್ಮಿಷನ್ನಿಗೂ ನಡುವೆ ಇಷ್ಟು ಉದ್ದದ ಕಾರಿಡಾರು ಇರುತ್ತದೆಂದು ನಾನೇನು ಕಂಡಿದ್ದೆ? ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಒಬ್ಬರ ಮನೆಯ ಸಿಹಿ ತಿಂದವರು ಆ ಮನೆಯ ವಿಷಯ ವಿಚಾರಿಸಲೇಬೇಕು, ವಿಚಾರಿಸದಿದ್ದರೆ ಮರ್ಯಾದೆಯಲ್ಲ. ಆ ಮರ್ಯಾದೆಯ ಬಿಸಿ ಮುಂದಿನ ವಾರವೆಲ್ಲ ನನಗೆ ತಟ್ಟಿತು.

ಕಾಲೇಜಿನ ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯರೇ. ಅಂಕಪಟ್ಟಿ ನೋಡಿ ಪರವಾಗಿಲ್ಲವೇ ಎಂದು ತಲೆದೂಗಿದರು. ಆಮೇಲೆ ಕೊನೆಗೆ ಓದಿದ ಸ್ಕೂಲಿನ ಟಿ.ಸಿ. ಕೊಡಿ ಎಂದು ಕೈ ಚಾಚಿದರು. ನಾನು ಹೆಮ್ಮೆಯಿಂದ, ನಮ್ಮ ಮಗು ಸ್ಕೂಲಿನ ಮೆಟ್ಟಿಲೇ ಹತ್ತಿಲ್ಲ ಎಂದೆ. ಸಿಂಚನಾ ನನ್ನ ಅಂಗಿಯ ತೋಳು ಎಳೆದಳು. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಜಮಾನ್ರೇ, ಟಿ.ಸಿ. ಅಂದ್ರೆ ಸ್ಕೂಲು ಬಿಟ್ಟಿದ್ದಕ್ಕೆ ಕೊಡೋದು. ಬಿಟ್ಟಿರೋದು ತೋರಿಸಿದ್ರೆ ತಾನೆ ನಾವು ಸೇರಿಸ್ಕೊಳ್ಳೋದು?"

"ಸೇರೇ ಇಲ್ಲ ಸಾರ್, ಎಲ್ಲಿಂದ ಬಿಡೋದು?" ಎಂದೆ.

ಅವರಿಗೂ ಅದು ನ್ಯಾಯ ಅನ್ನಿಸಿರಬೇಕು. ಪಕ್ಕದ ಕೌಂಟರಿಗೆ ಕಳಿಸಿದರು. ಅದು ಹೊರರಾಜ್ಯದವರದು. ಅಲ್ಲಿದ್ದಾಕೆ ಯಾವ ರಾಜ್ಯ ಎಂದು ಕೇಳಿದರು. ಹುಡುಗಿ ಬೆಳೆದ ಊರುಗಳನ್ನೆಲ್ಲ ನಾನು ವಿವರವಾಗಿ ಹೇಳುತ್ತಾ ಒಮಾನ್ ತಲುಪುವಷ್ಟರಲ್ಲಿ ಅವರು ತಡೆದು, ಹಾಗಾದರೆ ಫಾರಿನ್ ಸ್ಟೂಡೆಂಟ್, ಮೇಲಿನ ಮಹಡಿ ಎಂದರು. ಮೇಲಿನ ಮಹಡಿಯವರು ಪಾಸ್‌ಪೋರ್ಟ್ ನೋಡಿ, ಇವಳು ನಮ್ಮವಳೇ ಅಲ್ಲವೇ, ಕೆಳಗೆ ಹೋಗಿ ಎಂದರು. ಕೆಳಗೆ ಮೇಲೆ ಓಡಾಡಿ ನನ್ನ ಮಂಡಿ ಹಿಡಿದುಕೊಂಡಿತು. ಬಾಯಿ ಮಾತ್ರ ಸರಾಗವಾಗಿತ್ತು. ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲೇ ನಾನು ಕೇಳದ್ದಕ್ಕೂ ಕೊಟ್ಟಾಗಿರುತ್ತಿತ್ತು. ಕೊನೆಗೆ ತಿಳಿದದ್ದು ಇಷ್ಟು. ಟಿ.ಸಿ. ಬೇಕು, ನಡತೆ ಚೆನ್ನಾಗಿದೆ ಎಂದು ಸಂಸ್ಥೆಯ ಮುಖ್ಯಸ್ಥರು ಬರೆದುಕೊಟ್ಟದ್ದು ಬೇಕು, ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ಬೇಕು, ಎಲ್ಲವೂ ಶನಿವಾರದೊಳಗೆ ಬೇಕು. ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮೈಸೂರು ಪಾಕ್ ತಿಂದವರು ನಿಂತಿದ್ದರು. ಏನಾಯ್ತು ತಾತ, ಅಡ್ಮಿಷನ್ ಆಯ್ತಾ ಎಂದು ಒಬ್ಬೊಬ್ಬರೂ ಕೇಳುವವರೇ. ಬಾವುಟದ ಹುಡುಗನಂತೂ ಕೆಂಪು ಬಾವುಟ ತೋರಿಸಿ ನನ್ನನ್ನೇ ನಿಲ್ಲಿಸಿ ಕೇಳಿದ. ತಿಂದವರಲ್ಲಿ ಮರಿಯಪ್ಪನೂ ಒಬ್ಬ, ನನ್ನ ಹಳೆಯ ಗಿರಾಕಿ. ಈಗ ದೀಪಾಂಜಲಿ ನಗರದ ಕಡೆ ಒಂದು ಸಣ್ಣ ಸ್ಕೂಲು ನಡೆಸುತ್ತಾನೆ. ವಿಷಯ ಕೇಳಿ ಅವನು ನಕ್ಕುಬಿಟ್ಟ. ಇಷ್ಟೇನಾ ಅಣ್ಣ, ನಮ್ಮ ಸ್ಕೂಲಲ್ಲಿ ಓದಿದಳು ಅಂತ ಒಂದು ಟಿ.ಸಿ. ಬರೆದುಕೊಡ್ತೀನಿ, ನಡತೆನೂ ಅದರಲ್ಲೇ ಸೇರಿಸಿಬಿಡ್ತೀನಿ, ನಾಳೆ ಬನ್ನಿ ಎಂದ. ಅವನಿಗೆ ಅದು ಸಿಹಿಗೆ ತೋರಿಸಿದ ಕೃತಜ್ಞತೆ, ಅಷ್ಟೆ. ನನಗೆ ಮಂಡಿನೋವು ಮರೆತೇಹೋಯಿತು.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಡ್ಮಿಷನ್ನಿಗೆಂದು ಮಗಳ ಜೊತೆ ಬಂದಿದ್ದ ಶಶಿ ನಡುಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಸಿಂಚನಾಳ ಮುಖ ಮಾತ್ರ ಸಪ್ಪಗಾಯಿತು. ಗೌರಮ್ಮ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದು ಇನ್ನೂ ಸ್ವಲ್ಪ ಬಣ್ಣ ಹಚ್ಚಿದೆ. ಶಶಿ ತಲೆ ಎತ್ತದೆ ಕೇಳಿದಳು.

"ಅಪ್ಪ, ಇವಳು ಅಲ್ಲಿ ಓದಿದಳು ಅಂತ ಅವರು ಬರೆದುಕೊಡ್ತಾರೆ, ಸರಿ. ಹಂಗಾದ್ರೆ ಇಷ್ಟು ವರ್ಷ ನಾನು ಏನು ಮಾಡ್ತಿದ್ದೆ ಅಂತ ಬರೆಸ್ಕೊಂಡು ಬರ್ತೀರಿ?"

ಅಷ್ಟು ಹೇಳಿ ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು. ನನಗೆ ಮಾತು ಹೊರಡಲಿಲ್ಲ. ಗೌರಮ್ಮನ ಲೆಕ್ಕದಲ್ಲಿ ನಮ್ಮ ಮದುವೆಯಾದಂದಿನಿಂದ ಹಾಗಾದದ್ದು ಅದೇ ಮೊದಲು.

ಮರುದಿನ ಶಶಿಯೇ ಹೊರಟಳು. ಇಸ್ತ್ರಿ ಸೀರೆ ಉಟ್ಟು ನೇರವಾಗಿ ಪ್ರಿನ್ಸಿಪಾಲರ ರೂಮಿಗೆ ಹೋದಳು. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಬೇಕೆಂದು ಮನೆಯಲ್ಲೇ ಕರಾರಾಗಿತ್ತು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಒಳಗಿನದು ಕೇಳಿಸಿತು. ಯಾವ ಸ್ಕೂಲಮ್ಮಾ ಎಂದು ಪ್ರಿನ್ಸಿಪಾಲ್ ಮೇಡಂ ಕೇಳಿದರು. "ನಾನೇ ಮೇಡಂ," ಎಂದಳು ನನ್ನ ಮಗಳು. ಆಮೇಲೆ ಮೇಡಂ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದರು. ಆ ಕಡೆಯವರು, ಓಪನ್ ಸ್ಕೂಲಿನವರು ಅಂಕಪಟ್ಟಿಯ ಜೊತೆಗೆ ಒಂದು ಮೈಗ್ರೇಷನ್ ಕಾಗದ ಕೊಟ್ಟಿರುತ್ತಾರೆ, ಅದೇ ಟಿ.ಸಿ.ಯ ಕೆಲಸವನ್ನೂ ಮಾಡುತ್ತದೆ, ಅದನ್ನು ತೋರಿಸಿ ಅರ್ಹತಾ ಪತ್ರ ತೆಗೆದುಕೊಂಡರಾಯಿತು ಎಂದರಂತೆ. ಆ ಕಾಗದ ಮೊದಲಿನಿಂದಲೂ ಸಿಂಚನಾಳ ಫೈಲಿನಲ್ಲೇ ಇತ್ತು. ಮೊದಲ ದಿನ ಅವಳು ಅದನ್ನು ಹೊರತೆಗೆಯಲು ನೋಡಿದ್ದಳಂತೆ. ನಾನು ಒಮಾನ್ ವರ್ಣನೆಯಲ್ಲಿದ್ದೆನಂತೆ.

ನಡತೆಯ ಪತ್ರಕ್ಕೆ ತಾಯಿಯ ಸಹಿ ನಡೆಯುವುದಿಲ್ಲವೆಂದರು. ಪರಿಚಯದ ಗಣ್ಯರು ಯಾರಾದರೂ ಕೊಡಲಿ ಎಂದಾಗ ನಮ್ಮ ಬೀದಿಯ ಡಾಕ್ಟರು ಬರೆದುಕೊಟ್ಟರು. ಅವರು ಸಿಂಚನಾಳನ್ನು ನೋಡಿದ್ದು ಜ್ವರ ಬಂದಾಗ ಮಾತ್ರ. ಜ್ವರ ಬಂದಾಗ ಯಾರ ನಡತೆ ತಾನೆ ಕೆಟ್ಟದಾಗಿರುತ್ತದೆ? ರಜಾ ಚೀಟಿಯ ತಪ್ಪು ತಿದ್ದಿ ಬೆಳೆಸಿದ ತಾಯಿಗೆ ಮಗಳ ನಡತೆಯ ಬಗ್ಗೆ ಹೇಳುವ ಅಧಿಕಾರವಿಲ್ಲ, ಥರ್ಮಾಮೀಟರ್ ಇಟ್ಟವರಿಗೆ ಇದೆ. ಇರಲಿ, ನಿಯಮ ಮಾಡಿದವರು ನಮ್ಮಂಥವರ ಮನೆಯ ನಡುಮನೆ ನೋಡಿಲ್ಲ.

ಶನಿವಾರ ಮಧ್ಯಾಹ್ನ ಕೌಂಟರು ಮುಚ್ಚುವ ಹೊತ್ತಿಗೆ ಅಡ್ಮಿಷನ್ ಆಯಿತು. ಗುಮಾಸ್ತರು ಹಿಂದೆ ಓದಿದ ಸಂಸ್ಥೆ ಎಂಬ ಕಡೆ ಪೆನ್ನು ನಿಲ್ಲಿಸಿ, ಒಂದು ಕ್ಷಣ ಯೋಚಿಸಿ, ಉದ್ದಕ್ಕೆ ಒಂದು ಗೆರೆ ಎಳೆದರು. ಶಶಿ ಬಗ್ಗಿ ನೋಡಿದಳು. ಅಲ್ಲಿ ನಿನ್ನ ಹೆಸರು ಬರೀರಿ ಅಂತ ಹೇಳಲೇನಮ್ಮ ಎಂದು ನಾನು ಪಿಸುಗುಟ್ಟಿದೆ. "ಬೇಡಪ್ಪ, ಗೆರೆ ನೆಟ್ಟಗಿದೆ ಬಿಡಿ," ಎಂದು ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಯಾಕೋ ಬೀದಿಗೆ ಹೋಗಿ ಸುದ್ದಿ ಹೇಳಬೇಕೆನಿಸಲಿಲ್ಲ.

ಈಗ ಸಿಂಚನಾ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಂದು ಲ್ಯಾಬು, ಕ್ಯಾಂಟೀನು, ಗೆಳತಿಯರು ಎಂದು ಒಂದೇ ಸಮನೆ ಹೇಳುತ್ತಾಳೆ. ಅದೊಂದು ಗುಣ ನನ್ನ ಕಡೆಯಿಂದ ಬಂದದ್ದು. ನನ್ನ ಸಂತೋಷಕ್ಕೆ ಏನೂ ಕೊರತೆಯಿಲ್ಲ. ಕಸಿವಿಸಿಯಾಗುವುದು ಬೆಳಿಗ್ಗೆ. ಒರಿಸ್ಸಾಕ್ಕೆ ವಾಪಸು ಹೋಗಲು ಟಿಕೆಟ್ಟು ಕಾಯುತ್ತಿರುವ ಶಶಿ, ಹುಡುಗಿ ಗೇಟು ದಾಟಿದ ಮೇಲೆ ಸ್ನಾನ ಮಾಡಿ, ಅಭ್ಯಾಸಬಲದಿಂದ ಇಸ್ತ್ರಿ ಸೀರೆ ಉಟ್ಟು, ನಡುಮನೆಗೆ ಬಂದು ನಿಲ್ಲುತ್ತಾಳೆ. ಆಮೇಲೆ ಏನೂ ತೋಚದೆ ಪೇಪರಿನ ಕಟ್ಟನ್ನು ಜೋಡಿಸುತ್ತಾಳೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಾಳೆ. ಮಗಳು ಹೊಸ ಕಡೆ ಸೇರಿದಳು. ಅವಳಿಗೋಸ್ಕರ ನಡೆದ ಸ್ಕೂಲು ಮುಚ್ಚಿತು. ಆ ಸ್ಕೂಲಿನ ಟೀಚರಿಗೆ ಒಂದು ಬೀಳ್ಕೊಡುಗೆಯಾದರೂ ಆಗಬೇಡವೇ? ಸೀಟು ಸೀಟು ಎಂದು ಕುಣಿದ ನಮಗೆ ಅದು ಹೊಳೆಯಲೇ ಇಲ್ಲ.

ನಿನ್ನೆ ನೋಡಲಾರದೆ ಅವಳ ಎದುರಿಗೆ ಚಾಪೆ ಹಾಕಿಕೊಂಡು ಕೂತೆ. ನನಗೂ ಏನಾದರೂ ಕಲಿಸಮ್ಮ, ಇಂಗ್ಲಿಷೋ ಲೆಕ್ಕವೋ, ಮನೆಯಲ್ಲೇ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂದೆ. ಶಶಿ ಕೌಂಟರಿನ ಗುಮಾಸ್ತರ ಹಾಗೆಯೇ ಮುಖ ಗಂಭೀರ ಮಾಡಿಕೊಂಡು ಕೈ ಚಾಚಿದಳು.

"ಎಲ್ಲಿ, ಟಿ.ಸಿ. ಕೊಡಿ ಮೊದಲು."

ಒಳಗಿನಿಂದ ಗೌರಮ್ಮ ನಕ್ಕದ್ದು ಕೇಳಿಸಿತು. ನಾನು ಮಾತ್ರ ನಗಲಾಗದೆ ಯೋಚನೆಗೆ ಬಿದ್ದೆ. ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ದನ ಹೊಡೆದುಕೊಂಡು ಬಾ ಎಂದು ಅಪ್ಪ ಕರೆದರು. ಹೋದವನು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಬಿಟ್ಟೆ ಎಂದು ನಾನು ಹೇಳಲಿಲ್ಲ, ಬಿಟ್ಟ ಎಂದು ಅವರೂ ಬರೆದುಕೊಡಲಿಲ್ಲ. ನಿಯಮದ ಪ್ರಕಾರ ನೋಡಿದರೆ ನಾನಿನ್ನೂ ನಾಲ್ಕನೇ ಕ್ಲಾಸಿನಲ್ಲೇ ಇದ್ದೇನೆ. ಹಾಜರಿ ಮಾತ್ರ ಸ್ವಲ್ಪ ಕಡಿಮೆ.