ಹೆಬ್ಬೆರಳಿನ ಲಾಡಿ

ಹೊಸ ವಸ್ತುವನ್ನು ಬಳಸಿ ಕೊಳೆ ಮಾಡಲು ನನಗೆ ಮನಸ್ಸೇ ಬರುವುದಿಲ್ಲ. ಕಾನ್ವೆಂಟಿನಲ್ಲಿ ಪುಸ್ತಕದ ಕಂದು ರಟ್ಟಿನ ಮೇಲೆ ಒಂದು ಬೆರಳಚ್ಚು ಕಂಡರೂ ಸಿಸ್ಟರು ಸುಮ್ಮನೆ ನಿಂತು ನೋಡುತ್ತಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ನೋಟದ ಫಲವಾಗಿ ನಮ್ಮ ಸೋಫಾಗೊಂದು ಹೊದಿಕೆ, ಹೊದಿಕೆಗೊಂದು ಹೊದಿಕೆ, ಟಿ.ವಿ. ರಿಮೋಟು ಇಂದಿಗೂ ಪ್ಲಾಸ್ಟಿಕ್ ಚೀಲದೊಳಗೇ ಇದೆ.

ಹೀಗಿರುವಾಗ ಒಂದು ಬೆಳಿಗ್ಗೆ, ತಮಿಳು ಸೀಮೆಯ ಪೆರಂಬೂರಿನ ನಮ್ಮ ಮನೆಯಲ್ಲಿ ಒದ್ದೆ ಪಂಚೆ ಹಿಂಡುತ್ತಿದ್ದಾಗ ಬಲಗೈ ಹೆಬ್ಬೆರಳಿನ ಬುಡದಿಂದ ಮುಂಗೈವರೆಗೆ ಛಳಕ್ ಎಂದಿತು. ಲಕ್ಷಿಸದೆ ಕಾಯಿ ತುರಿದೆ, ಹುಣಸೆಹಣ್ಣು ಕಿವುಚಿದೆ. ಮರುದಿನ ಕಾಫಿ ಲೋಟವೇ ಕೈಜಾರಿತು. ಹೆರಿಗೆಗೆಂದು ಬಂದಿದ್ದ ಮಗಳು ವೀಣಾ ತನ್ನ ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, "ಅಮ್ಮಾ, ಲೋಟಾನೇ ಹಿಡಿಯೋಕ್ ಆಗ್ತಿಲ್ಲ, ಪಾಪೂನ ಹೇಗ್ ಹಿಡೀತೀಯಾ? ಪರವಾಯಿಲ್ಲೈ, ನೀರು ಹಾಕೋಕೆ ಒಬ್ಳು ಆಯಾನ ಇಟ್ಕೊಳ್ಳೋಣ" ಎಂದಳು. ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು ನಮ್ಮಲ್ಲಿ ಅಜ್ಜಿಯ ಹಕ್ಕು. ಅದನ್ನು ಯಾರಿಗೋ ಬಿಟ್ಟುಕೊಡುವುದೇ?

ಕೀಲ್ಪಾಕಿನ ಡಾಕ್ಟರಮ್ಮ ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಸ್ಕ್ಯಾನ್ ಮಾಡಿ ಪರದೆ ತೋರಿಸಿದರು. ಅದನ್ನು ಹೇಗೆ ವರ್ಣಿಸಲಿ? ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಳಿಯ ನಾರು, ಲಂಗದ ಮಡಿಕೆಯೊಳಗಿನ ಲಾಡಿಯಂತೆ, ಒಂದು ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತಿತ್ತು. ಕೊಳವೆಗೊಂದು ತೆಳುವಾದ ಒಳಪೊರೆ. ಬೇಕಾದ ಜಿಡ್ಡನ್ನು ಅದೇ ಒಸರುತ್ತದಂತೆ. ಹಿಂಡುವುದು, ಕಿವುಚುವುದು ಅತಿಯಾದರೆ ಅಲ್ಲಿ ಊದಿಕೊಂಡು, ಲಾಡಿ ಓಡಾಡಲು ಜಾಗ ಸಾಲುವುದಿಲ್ಲ. ನಾನು ಪರದೆಯತ್ತ ಬಗ್ಗಿ ನೋಡಿದೆ. ಇಷ್ಟು ವರ್ಷ ನಾನು ಬೈಯುತ್ತ, ಗೊಣಗುತ್ತ ಅಡುಗೆ ಮಾಡುತ್ತಿದ್ದರೆ, ಒಳಗೆ ಯಾರೋ ಇಷ್ಟು ನಾಜೂಕಾಗಿ ಹೊಲಿದಿಟ್ಟ ಲಾಡಿ ಸದ್ದಿಲ್ಲದೆ ಜಾರುತ್ತಲೇ ಇತ್ತು. ರೈಲ್ವೆ ಕೋಚು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಯಜಮಾನರು ಕನ್ನಡಕ ಒರೆಸಿಕೊಂಡು, "ಗ್ರೀಸ್ ಹಾಕೋರೇ ಇಲ್ದೆ ಓಡ್ತಿದೆ ಕಣೇ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವರು ಯಾವುದನ್ನೂ ಸುಲಭಕ್ಕೆ ಮೆಚ್ಚುವವರಲ್ಲ.

ಹೆಬ್ಬೆರಳು ಅಲುಗದಂತೆ ಹಿಡಿಯುವ ಕೆನೆಬಣ್ಣದ ಪಟ್ಟಿ, ಐಸ್ ಒತ್ತುವುದು, ಹಿಂಡುವ ಕೆಲಸಕ್ಕೆ ರಜೆ. ಇಷ್ಟಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಎಂದಾಯಿತು. ಎಲ್ಲವನ್ನೂ ಪಾಲಿಸಿದೆ ಎಂದೇ ನಂಬಿದ್ದೆ. ನೋವು ಮಾತ್ರ ಹಾಗೇ ಇತ್ತು. ಮತ್ತೆ ಹೋದಾಗ ಡಾಕ್ಟರಮ್ಮ ಪಟ್ಟಿಯನ್ನು ತಿರುಗಿಸಿ ನೋಡಿ, "ಎನ್ನಮ್ಮಾ, ಪುತ್ತಂ ಪುದುಸಾಗೇ, ಹೊಚ್ಚ ಹೊಸದಾಗೇ ಇದೆಯಲ್ಲ?" ಎಂದರು. ನಾನು ಹೆಮ್ಮೆಯಿಂದ, "ಕೆಲಸ ಮಾಡುವಾಗ ತೆಗೆದಿಡ್ತೀನಿ ಡಾಕ್ಟರ್, ಅರಿಶಿನ ಹತ್ತಿಬಿಡುತ್ತಲ್ಲ. ಸುಮ್ಮನೆ ಕೂತಾಗ ಮರೆಯದೆ ಹಾಕ್ಕೋತೀನಿ" ಎಂದೆ. ಯಜಮಾನರು ಸೀಲಿಂಗ್ ಫ್ಯಾನು ನೋಡತೊಡಗಿದರು. ಡಾಕ್ಟರಮ್ಮ, ಥೇಟ್ ನಮ್ಮ ಸಿಸ್ಟರಂತೆ, ಸುಮ್ಮನೆ ನನ್ನನ್ನೇ ನೋಡಿ, "ಕೈಗೋಸ್ಕರ ಪಟ್ಟಿನಾಮ್ಮಾ, ಪಟ್ಟಿಗೋಸ್ಕರ ಕೈಯಾ?" ಎಂದು ಕೇಳಿದರು.

ಆಮೇಲೆ ಪಟ್ಟಿಗೆ ಸಾರು, ಅರಿಶಿನ, ಒಗ್ಗರಣೆ ಎಲ್ಲದರ ಸಂಸ್ಕಾರವೂ ಆಯಿತು. ಪಂಚೆ ಹಿಂಡುವುದು, ಕಾಯಿ ತುರಿಯುವುದು ಯಜಮಾನರ ಪಾಲಾಯಿತು. ಚಟ್ನಿಯಲ್ಲಿ ಕರಟ ಸಿಕ್ಕಿದರೂ ನಾನು ಚಕಾರವೆತ್ತಲಿಲ್ಲ. ಊತ ಇಳಿಯಿತು. ಕೂಸು ಹುಟ್ಟಿತು, ಹೆಣ್ಣು. ಹೆಬ್ಬೆರಳಿನ ಮೇಲೆ ಭಾರ ಬೀಳದಂತೆ, ಡಾಕ್ಟರಮ್ಮ ಕಲಿಸಿದ ಹಾಗೆ ಎರಡೂ ಅಂಗೈ ಅಡಿಗಿಟ್ಟು ಎತ್ತಿ, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದೆ. ಅದು ನನ್ನ ಹೆಬ್ಬೆರಳನ್ನೇ ಗಪ್ಪನೆ ಹಿಡಿದುಕೊಂಡಿತು. ನನ್ನ ಬೆರಳಿಗಿಂತ ಸ್ವಲ್ಪವೇ ದಪ್ಪಗಿನ ಆ ಮಣಿಕಟ್ಟಿನೊಳಗೂ ಎಳೆಯೆಳೆಯಾಗಿ ಲಾಡಿಗಳು ಜಾರುತ್ತಿವೆಯಲ್ಲ ಎಂದುಕೊಂಡು, ನೀರು ಹಾಕುವುದನ್ನೇ ಮರೆತು ಕೂತೆ. "ಅಮ್ಮಾ, ನೀರು ಆರುತ್ತೆ" ಎಂದು ವೀಣಾ ಎಚ್ಚರಿಸಬೇಕಾಯಿತು.

ಅಂದಹಾಗೆ, ಬದಲಿಗಿರಲಿ ಎಂದು ಯಜಮಾನರು ಇನ್ನೊಂದು ಪಟ್ಟಿ ತಂದುಕೊಟ್ಟಿದ್ದಾರೆ. ಅದನ್ನು ಕವರಿನಿಂದ ತೆಗೆಯದೆ, ನುಸಿಗುಳಿಗೆ ಹಾಕಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೇನೆ. ಮದುವೆ ಮುಂಜಿಗೆ ಬೇಕಾಗುತ್ತದೆ.